ಹೋಗುವ ಟಿಕೆಟ್ಟು ಅವನದು, ಮರಳುವ ಹೊಣೆ ಯಾರದು?

ಕೆಲಸದ ವೀಸಾ ಕೈಗೆ ಬರುವ ಮುನ್ನವೇ, ಹೋಗುವುದಕ್ಕಷ್ಟೇ ಟಿಕೆಟ್ಟು ಕೊಂಡು ಹೊರದೇಶಕ್ಕೆ ಹಾರುವುದು ನಮ್ಮ ಯುವಕರಿಗೆ ಹೊಸತೇನಲ್ಲ. ಕರಾವಳಿಯಲ್ಲಿ ಇದಕ್ಕೆ ‘ವಿಸಿಟ್‌ನಲ್ಲಿ ಹೋಗುವುದು’ ಎಂಬ ಹೆಸರೇ ಇದೆ. ಪಾಸ್‌ಪೋರ್ಟಿನಲ್ಲಿ ಪ್ರವಾಸಿಯ ವೀಸಾ, ಕೈಚೀಲದಲ್ಲಿ ಐಟಿಐ ಪ್ರಮಾಣಪತ್ರದ ನಕಲು, ಜೇಬಿನಲ್ಲಿ ಸಂಬಂಧಿಕನೊಬ್ಬನ ಮೊಬೈಲ್ ಸಂಖ್ಯೆ. ಇಷ್ಟಿದ್ದರೆ ಹೊರಡುವ ಸಿದ್ಧತೆ ಮುಗಿಯಿತು. ‘ಮೊದಲು ಬಂದುಬಿಡು, ಆಮೇಲೆ ನೋಡಿಕೊಳ್ಳೋಣ’ ಎಂದು ಆ ಕಡೆಯಿಂದ ಯಾರೋ ಹೇಳಿರುತ್ತಾರೆ. ‘ಒಮ್ಮೆ ಹೋಗಿ ನೋಡಲಿ’ ಎಂದು ಈ ಕಡೆ ತಾಯಿ ಬಳೆ ಬಿಚ್ಚಿಕೊಟ್ಟಿರುತ್ತಾಳೆ.

ಹೀಗೆ ಹೋದವರಲ್ಲಿ ಅನೇಕರು ಕೆಲಸ ಹಿಡಿದು, ಮನೆ ಕಟ್ಟಿಸಿ, ತಂಗಿಯರ ಮದುವೆ ಮಾಡಿ ಊರಿನ ಕಣ್ಣಿಗೆ ಗಟ್ಟಿಗರೆನಿಸಿಕೊಂಡಿದ್ದಾರೆ. ಸೋತವರ ಕಥೆ ಮಾತ್ರ ಊರಿಗೆ ತಿಳಿಯುವುದಿಲ್ಲ. ಏಕೆಂದರೆ ಸೋತವನು ಅದನ್ನು ಹೇಳುವುದಿಲ್ಲ. ಆದ್ದರಿಂದಲೇ ಈ ಪ್ರಯಾಣದ ಬಗ್ಗೆ ನಮ್ಮಲ್ಲಿ ಎರಡೇ ಬಗೆಯ ಮಾತು ಕೇಳಿಬರುತ್ತದೆ: ಒಂದು, ಗೆದ್ದವನ ಸಾಹಸದ ವರ್ಣನೆ, ಇನ್ನೊಂದು, ಏಜೆಂಟನಿಂದ ಮೋಸಹೋದವನ ಸುದ್ದಿ ಬಂದ ದಿನ ‘ಕಲಿತವರೂ ಹೀಗೆ ಮಾಡುತ್ತಾರಲ್ಲ’ ಎಂಬ ನಮ್ಮ ಬುದ್ಧಿವಾದ. ಈ ಎರಡೂ ಮಾತುಗಳು ಮುಖ್ಯ ಪ್ರಶ್ನೆಯನ್ನು ಮರೆಸುತ್ತವೆ. ಕೆಲಸ ಸಿಗುವ ಮೊದಲೇ ಹೋಗುವುದು ಸರಿಯೋ ತಪ್ಪೋ ಎಂಬುದಲ್ಲ ಆ ಪ್ರಶ್ನೆ. ಕೆಲಸ ಸಿಗದಿದ್ದರೆ ಅದರ ನಷ್ಟವನ್ನು ಯಾರು ಹೊರಬೇಕು ಎಂಬುದು.

ಹಿಂದೆ ಈ ನಷ್ಟವನ್ನು ಸಮುದಾಯ ಹೊರುತ್ತಿತ್ತು. ನಮ್ಮ ಅಜ್ಜಂದಿರ ಕಾಲದಲ್ಲಿ ದಕ್ಷಿಣ ಕನ್ನಡದ ಹುಡುಗರು ಮುಂಬಯಿಗೆ ಹೋದದ್ದೂ ಒಂದು ಕಡೆಯ ಪ್ರಯಾಣದಲ್ಲಿಯೇ. ಹಡಗಿನಲ್ಲೋ, ಘಟ್ಟ ಸುತ್ತಿ ಹೋಗುವ ಬಸ್ಸಿನಲ್ಲೋ ಹೋಗುವಷ್ಟು ಹಣ ಇದ್ದರೆ ಸಾಕಿತ್ತು. ಅಲ್ಲಿ ಊರಿನವರೊಬ್ಬರ ಹೋಟೆಲು ಇರುತ್ತಿತ್ತು. ಹಗಲು ಲೋಟ ತೊಳೆದು, ಸಂಜೆ ರಾತ್ರಿಶಾಲೆಯಲ್ಲಿ ಕಲಿತು, ರಾತ್ರಿ ಅದೇ ಹೋಟೆಲಿನ ಮೇಜುಗಳ ನಡುವೆ ಮಲಗಿದವರು ಮುಂದೆ ಮಾಲೀಕರೂ ವಕೀಲರೂ ಬ್ಯಾಂಕ್ ಅಧಿಕಾರಿಗಳೂ ಆದರು. ಅಲ್ಲಿ ಶೋಷಣೆ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ, ಖಂಡಿತ ಇತ್ತು. ಆದರೆ ಕೆಲಸ ಬಿಟ್ಟುಹೋದ ಹುಡುಗನನ್ನು ಪೊಲೀಸರು ಹಿಡಿಯುತ್ತಿರಲಿಲ್ಲ. ಒಂದು ಹೋಟೆಲು ಬಿಟ್ಟರೆ ಇನ್ನೊಂದು ಇತ್ತು. ಸೋತರೆ ಊರಿನ ಯಾರೋ ಒಬ್ಬರು ಬಸ್ಸು ಹತ್ತಿಸುತ್ತಿದ್ದರು. ಮುಂಬಯಿಯಲ್ಲಿರಲು ಯಾರ ಅನುಮತಿಯೂ ಬೇಕಿರಲಿಲ್ಲ.

ಕೊಲ್ಲಿ ರಾಷ್ಟ್ರಗಳ ಬಾಗಿಲು ತೆರೆದಾಗ ಈ ಲೆಕ್ಕಾಚಾರ ಬದಲಾಯಿತು. ತೈಲದ ಹಣ ಹರಿಯುವ ಮುನ್ನ, ಅರವತ್ತರ ದಶಕದಲ್ಲಿಯೇ, ಮಲಬಾರಿನ ಸಾಹಸಿಗಳು ಉರುಗಳಲ್ಲಿ ಅರಬ್ಬೀ ಸಮುದ್ರ ದಾಟಿ, ಖೋರ್ ಫಕ್ಕಾನಿನ ಆಸುಪಾಸು ನೀರಿಗೆ ಧುಮುಕಿ ಈಜಿ ದಡ ಸೇರಿದ್ದರು. ಎಪ್ಪತ್ತರ ದಶಕದ ತೈಲ ಬೆಲೆಯ ಏರಿಕೆಯ ನಂತರ ವಿಮಾನದ ಹಾದಿ ಹಿಗ್ಗಿತು. ಮಂಗಳೂರಿನಿಂದ ದುಬೈಗೆ ನೇರ ವಿಮಾನ ಬಂದದ್ದು 2006ರಲ್ಲಿ. ಅಲ್ಲಿಯವರೆಗೆ ಮುಂಬಯಿ ಸುತ್ತಿ ಹೋಗಬೇಕಿದ್ದ ಹುಡುಗನಿಗೆ ದುಬೈ ಈಗ ಬೆಂಗಳೂರಿಗಿಂತ ಹತ್ತಿರ. ರಾತ್ರಿಯಿಡೀ ಬಸ್ಸಿನಲ್ಲಿ ಕೂರುವ ಬದಲು ನಾಲ್ಕು ಗಂಟೆಯೊಳಗಿನ ಹಾರಾಟ. ದೂರವೇನೋ ಕಡಿಮೆಯಾಯಿತು. ಆದರೆ ಆ ದಡದಲ್ಲಿ ಉಳಿಯುವುದಕ್ಕೆ ಅನುಮತಿ ಬೇಕು, ಆ ಅನುಮತಿಗೊಂದು ಕೊನೆಯ ದಿನಾಂಕವಿದೆ, ದಿನಾಂಕ ಮೀರಿದರೆ ದಂಡವಿದೆ. ನೆಂಟ, ಸ್ನೇಹಿತ, ಊರಿನವ ಯಾರಿದ್ದರೂ ಆ ದಿನಾಂಕವನ್ನು ಮುಂದಕ್ಕೆ ತಳ್ಳಲಾರರು.

ಜನ ಇದಕ್ಕೆ ಯುಎಇಯನ್ನೇ ಏಕೆ ಆರಿಸಿಕೊಳ್ಳುತ್ತಾರೆ ಎಂಬುದಕ್ಕೂ ಕಾರಣವಿದೆ. ಸೌದಿ ಅರೇಬಿಯಾದಲ್ಲಿ ಕೆಲಸ ಮಾಡಬೇಕಾದರೆ ವೀಸಾ ಭಾರತದಲ್ಲಿಯೇ ಮುದ್ರೆಯಾಗಬೇಕು, ವೈದ್ಯಕೀಯ ತಪಾಸಣೆಯೂ ಇಲ್ಲಿಯೇ ಮುಗಿಯಬೇಕು. ಯುಎಇಯಲ್ಲಿ ಹಾಗಲ್ಲ. ವಿಸಿಟ್ ವೀಸಾದಲ್ಲಿ ಹೋದವನಿಗೆ ಮಾಲೀಕನೊಬ್ಬ ಕೆಲಸದ ಪರವಾನಗಿ ತೆಗೆದುಕೊಟ್ಟರೆ, ಶುಲ್ಕ ಕಟ್ಟಿ ಅಲ್ಲಿಯೇ ವೀಸಾದ ಬಗೆಯನ್ನು ಬದಲಿಸಿಕೊಳ್ಳಬಹುದು. ಅಂದರೆ ‘ಹೋಗಿ ಹುಡುಕುವುದು’ ಅಲ್ಲಿ ಅಪರಾಧವೇನಲ್ಲ. ಅಪರಾಧವಾಗುವುದು ಪರವಾನಗಿ ಬರುವ ಮೊದಲೇ ದುಡಿಯುವುದು ಮತ್ತು ಅವಧಿ ಮುಗಿದ ಮೇಲೂ ಉಳಿಯುವುದು. ಈ ಸೂಕ್ಷ್ಮ ಗೆರೆಯನ್ನು ನಮ್ಮ ಹುಡುಗರಿಗೆ ಹೇಳಬೇಕಾದವರು ಹೇಳುವುದಿಲ್ಲ. ಹೇಳುವ ಏಜೆಂಟನಿಗೆ ಹೇಳಿದರೆ ಲಾಭವಿಲ್ಲ.

ಹಿಂದೆ ಹೀಗೆ ದೇಶದೊಳಗೇ ವೀಸಾ ಬದಲಿಸಿಕೊಳ್ಳುವುದು ಸುಲಭವಿರಲಿಲ್ಲ. ಅವಧಿ ಮುಗಿಯುತ್ತಿದ್ದಂತೆ ಒಮ್ಮೆ ಗಡಿ ದಾಟಿ, ಹೊಸ ವೀಸಾ ಬರುವವರೆಗೆ ಹೊರಗೆ ಕಾಯಬೇಕಿತ್ತು. ಹೀಗೆ ಕಾಯುವವರಿಗಾಗಿಯೇ ಇರಾನಿನ ಕಿಶ್ ದ್ವೀಪದಲ್ಲಿ ಅಗ್ಗದ ವಸತಿಗೃಹಗಳು ಬೆಳೆದವು. ಭಾರತೀಯರು, ಫಿಲಿಪ್ಪೀನಿಯರು ಅಲ್ಲಿ ಒಂದೊಂದು ಕೋಣೆಯಲ್ಲಿ ಹಲವರಂತೆ ತುಂಬಿಕೊಂಡು ಫ್ಯಾಕ್ಸ್ ಸಂದೇಶಕ್ಕಾಗಿ ದಿನ ಎಣಿಸುತ್ತಿದ್ದರು. 2004ರ ಫೆಬ್ರುವರಿ 10ರಂದು ಕಿಶ್‌ನಿಂದ ಶಾರ್ಜಾಕ್ಕೆ ಬರುತ್ತಿದ್ದ ವಿಮಾನ ಇಳಿಯುವ ಹಂತದಲ್ಲಿ ಪತನಗೊಂಡು, ಅದರಲ್ಲಿದ್ದ 46 ಮಂದಿಯ ಪೈಕಿ 43 ಮಂದಿ ಸತ್ತರು. ಮೃತರಲ್ಲಿ ಭಾರತೀಯರೂ ಇದ್ದರು. ಒಂದು ಮುದ್ರೆಗಾಗಿ ಸಮುದ್ರ ದಾಟಿ, ಮುದ್ರೆ ಸಿಕ್ಕಿದ ಸಮಾಧಾನದಲ್ಲಿ ಮರಳುವ ಪ್ರಯಾಣ ಎಷ್ಟೋ ಮಂದಿಗೆ ಆ ಹಾದಿಯಲ್ಲಿ ನಿತ್ಯದ ಸಂಗತಿಯಾಗಿತ್ತು ಎಂಬುದು ಅನೇಕರಿಗೆ ತಿಳಿದದ್ದೇ ಆ ದಿನ.

ಮರಳುವ ಟಿಕೆಟ್ಟಿನ ವಿಚಾರಕ್ಕೆ ಬರೋಣ. ಪ್ರವಾಸಿ ವೀಸಾದವನಿಂದ ವಿಮಾನ ಸಂಸ್ಥೆಗಳು ಮರಳುವ ಟಿಕೆಟ್ಟು ಕೇಳುವುದು ಕಿರುಕುಳಕ್ಕಲ್ಲ. 1944ರ ಷಿಕಾಗೊ ಒಪ್ಪಂದದ ಒಂಬತ್ತನೆಯ ಅನುಬಂಧದ ಪ್ರಕಾರ, ಪ್ರವೇಶ ನಿರಾಕರಿಸಲ್ಪಟ್ಟ ಪ್ರಯಾಣಿಕನನ್ನು ವಾಪಸು ಒಯ್ಯುವ ಹೊಣೆ ಅವನನ್ನು ತಂದ ವಿಮಾನ ಸಂಸ್ಥೆಯದು. ಅನೇಕ ದೇಶಗಳು ಇದರ ಮೇಲೆ ಸಂಸ್ಥೆಗೆ ದಂಡವನ್ನೂ ಹಾಕುತ್ತವೆ. ಹೀಗಾಗಿ ಕೌಂಟರಿನಲ್ಲಿ ಕೂತ ಹುಡುಗಿ ತನ್ನ ಸಂಸ್ಥೆಯ ಹಣ ಉಳಿಸಲು ಪ್ರಶ್ನೆ ಕೇಳುತ್ತಾಳೆ. 2024ರ ಕೊನೆಯ ತಿಂಗಳುಗಳಲ್ಲಿ ದುಬೈ ಸಹ ಪ್ರವಾಸಿ ವೀಸಾದ ಅರ್ಜಿಗೆ ಮರಳುವ ಟಿಕೆಟ್ಟು ಹಾಗೂ ವಸತಿಯ ದಾಖಲೆಯ ವಿಚಾರದಲ್ಲಿ ಬಿಗಿಯಾಯಿತು. ಇದಕ್ಕೆ ನಮ್ಮ ಟ್ರಾವೆಲ್ ಏಜೆಂಟರು ಕಂಡುಕೊಂಡ ಪರಿಹಾರ ‘ಡಮ್ಮಿ ಟಿಕೆಟ್ಟು’. ಕಂಪ್ಯೂಟರಿನಲ್ಲಿ ಎರಡು ದಿನ ಜೀವಂತವಾಗಿದ್ದು, ವಿಮಾನ ಏರಿದ ಮೇಲೆ ಸತ್ತುಹೋಗುವ ಕಾಯ್ದಿರಿಸುವಿಕೆ. ಕಾಗದದ ಮೇಲೆ ಎರಡು ಕಡೆಯ ಟಿಕೆಟ್ಟು, ವಾಸ್ತವದಲ್ಲಿ ಒಂದೇ ಕಡೆಯದು. ನಿಯಮದ ಅಕ್ಷರ ಪಾಲನೆಯಾಯಿತು, ಆದರೆ ನಿಯಮ ಯಾವ ರಕ್ಷಣೆಗಾಗಿ ಇತ್ತೋ ಆ ರಕ್ಷಣೆ ಅವನಿಗೆ ಸಿಗದೇ ಹೋಯಿತು.

ಕೊಲ್ಲಿಯ ನಗರವೊಂದರಲ್ಲಿ ಗುತ್ತಿಗೆ ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ನಾನು ಕೆಲವು ವರ್ಷ ದುಡಿದಿದ್ದೇನೆ. ವಿಸಿಟ್‌ನಲ್ಲಿ ಬಂದ ಹುಡುಗರು ಪ್ರತಿದಿನವೂ ನಮ್ಮ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದರು. ಅವರ ಮೊದಲ ವಾರ ಉತ್ಸಾಹದ್ದು. ಮೂರನೆಯ ವಾರದಲ್ಲಿ ಅವರು ಸಂಬಳದ ಮಾತು ಬಿಟ್ಟು ‘ಯಾವ ಕೆಲಸವಾದರೂ ಸರಿ ಸಾರ್’ ಎನ್ನತೊಡಗುತ್ತಿದ್ದರು. ಆರನೆಯ ವಾರದ ನಂತರ ಅವರು ಕೇಳುತ್ತಿದ್ದದ್ದು ಕೆಲಸವನ್ನಲ್ಲ, ವೀಸಾವನ್ನು. ಕುಂದಾಪುರದ ಕಡೆಯ ಹುಡುಗನೊಬ್ಬ ನನಗೆ ಚೆನ್ನಾಗಿ ನೆನಪಿದ್ದಾನೆ. ವೆಲ್ಡಿಂಗ್ ಕಲಿತವನು, ಕೈ ಚುರುಕು. ಬೇರೊಂದು ಕಡೆ ಹದಿನೈದು ದಿನ ‘ಟ್ರಯಲ್’ ಎಂದು ದುಡಿಸಿಕೊಂಡು, ಕೊನೆಯಲ್ಲಿ ‘ನಿನ್ನ ಕೆಲಸ ಸಾಲದು’ ಎಂದು ಕಳುಹಿಸಿಬಿಟ್ಟಿದ್ದರು. ಕೂಲಿ ಕೇಳಲು ಹೋದರೆ, ಪ್ರವಾಸಿ ವೀಸಾದಲ್ಲಿ ದುಡಿದದ್ದು ಅಪರಾಧ ಗೊತ್ತೇನು ಎಂದು ಅವನನ್ನೇ ಹೆದರಿಸಿದ್ದರು. ದುಡಿಸಿಕೊಂಡವನು ಕಾನೂನು ಹೇಳುತ್ತಿದ್ದ, ದುಡಿದವನು ತಲೆ ತಗ್ಗಿಸಿದ್ದ. ಆ ಹುಡುಗ ಮುಂದೇನಾದನೋ ನನಗೆ ತಿಳಿಯದು. ಅವನ ನಂತರ ಆ ಜಾಗಕ್ಕೆ ಇನ್ನೊಬ್ಬ ಟ್ರಯಲ್ ಹುಡುಗ ಬಂದಿರುತ್ತಾನೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಸೋಲಿನ ಗಣಿತ ಬಹಳ ಕ್ರೂರವಾದದ್ದು. ಹೋಗುವ ಟಿಕೆಟ್ಟು, ವೀಸಾ ಶುಲ್ಕ, ಏಜೆಂಟನ ಪಾಲು, ‘ಬೆಡ್‌ಸ್ಪೇಸ್’ ಎಂದು ಕರೆಯುವ ಮಂಚದ ಬಾಡಿಗೆ, ಊಟ, ಬಸ್ಸು ಎಲ್ಲವೂ ಸಾಲದಲ್ಲಿ. ಊರಿನ ಸಹಕಾರ ಸಂಘದಲ್ಲಿ ಅಡವಿಟ್ಟ ಚಿನ್ನದ ಬಡ್ಡಿ ಮೊದಲ ತಿಂಗಳಿನಿಂದಲೇ ಓಡತೊಡಗುತ್ತದೆ. ವೀಸಾದ ಅವಧಿ ಮುಗಿದ ಮೇಲೆ ಯುಎಇಯಲ್ಲಿ ದಿನವೊಂದಕ್ಕೆ 50 ದಿರ್ಹಂ ದಂಡ. ಎರಡು ತಿಂಗಳು ಹೀಗೇ ಕಳೆದರೆ ಅದು 3,000 ದಿರ್ಹಂ. ತಿಂಗಳಿಗೆ ಸಾವಿರ ದಿರ್ಹಂ ಸಂಬಳದ ಸಹಾಯಕನ ಕೆಲಸ ಹುಡುಕಿ ಹೋದವನಿಗೆ ಮೂರು ತಿಂಗಳ ದುಡಿಮೆ. ಮರಳುವ ಟಿಕೆಟ್ಟಿಗೂ ಹಣವಿಲ್ಲ, ದಂಡಕ್ಕೂ ಹಣವಿಲ್ಲ. ಮರಳದಿದ್ದರೆ ದಂಡ ಬೆಳೆಯುತ್ತದೆ, ದಂಡ ಬೆಳೆದಂತೆ ಮರಳುವುದು ಕಷ್ಟವಾಗುತ್ತದೆ. ಈ ಸುಳಿಗೆ ಸಿಕ್ಕವರಿಗಾಗಿ ಯುಎಇ ಸರ್ಕಾರ 2007, 2018 ಮತ್ತು 2024ರಲ್ಲಿ ಕ್ಷಮಾದಾನದ ಅವಧಿಗಳನ್ನು ಘೋಷಿಸಿತು. ಆಗೆಲ್ಲ ಸರದಿಯಲ್ಲಿ ನಿಂತವರಲ್ಲಿ ನಮ್ಮ ದೇಶದವರು ದೊಡ್ಡ ಸಂಖ್ಯೆಯಲ್ಲಿದ್ದರು. ಕ್ಷಮಾದಾನವೆಂಬುದು ಆ ಸರ್ಕಾರದ ಔದಾರ್ಯ. ಅದನ್ನು ನಂಬಿ ಯಾರೂ ಮನೆ ಬಿಡಲಾಗದು.

ನ್ಯಾಯದ ಮಾತಿಗೆ ಹೇಳುವುದಾದರೆ, ಆ ದೇಶ ಮಾಲೀಕರ ಮೇಲೂ ಕಣ್ಣಿಟ್ಟಿದೆ. ನೇಮಕದ ವೆಚ್ಚವನ್ನು ನೌಕರನಿಂದ ವಸೂಲಿ ಮಾಡುವಂತಿಲ್ಲವೆಂದು ಅಲ್ಲಿನ 2021ರ ಕಾರ್ಮಿಕ ಕಾನೂನು ಹೇಳುತ್ತದೆ. 2024ರ ತಿದ್ದುಪಡಿಯ ಪ್ರಕಾರ, ಪರವಾನಗಿ ಇಲ್ಲದವನನ್ನು ದುಡಿಸಿಕೊಂಡ ಮಾಲೀಕನಿಗೆ, ಕರೆಸಿಕೊಂಡು ಕೆಲಸ ಕೊಡದವನಿಗೂ, ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಂವರೆಗೆ ದಂಡವಿದೆ. ಇದಕ್ಕೆ ಹೋಲಿಸಿದರೆ ನಮ್ಮ ಕಾನೂನು ಎಲ್ಲಿ ನಿಂತಿದೆ? ನೋಂದಣಿಯಿಲ್ಲದೆ ಜನರನ್ನು ಹೊರದೇಶಕ್ಕೆ ನೇಮಿಸಿ ಕಳುಹಿಸುವವನಿಗೆ ನಮ್ಮ 1983ರ ವಲಸೆ ಕಾಯ್ದೆ ವಿಧಿಸಿದ್ದು ಎರಡು ವರ್ಷದವರೆಗಿನ ಸೆರೆವಾಸ ಮತ್ತು ಎರಡು ಸಾವಿರ ರೂಪಾಯಿಯವರೆಗಿನ ದಂಡ. ಅಕ್ಷರಶಃ ಎರಡು ಸಾವಿರ. ಒಬ್ಬ ಹುಡುಗನಿಂದ ಒಂದು ಲಕ್ಷ ಕಸಿಯುವವನಿಗೆ ಇದೊಂದು ಶಿಕ್ಷೆಯೇ?

ಅದೇ ಕಾಯ್ದೆಯ ಇನ್ನೊಂದು ಮುಖವನ್ನೂ ನೋಡಬೇಕು. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ‘ಇಸಿಆರ್’ ಮುದ್ರೆ ಬೀಳುತ್ತದೆ. ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ ಪಟ್ಟಿ ಮಾಡಿದ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮುನ್ನ ಅವರು ವಲಸೆ ಅನುಮತಿ ಪಡೆಯಬೇಕು. ಅನುಮತಿ ಸಿಗಬೇಕಾದರೆ ಉದ್ಯೋಗದ ಕರಾರು ಬೇಕು, 2003ರಲ್ಲಿ ಆರಂಭವಾದ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆಯೂ ಬೇಕು. ಎರಡು ವರ್ಷಕ್ಕೆ ಕೇವಲ 275 ರೂಪಾಯಿಯ ಕಂತು. ಅಪಘಾತದಲ್ಲಿ ಮೃತಪಟ್ಟರೆ ಕುಟುಂಬಕ್ಕೆ ಹತ್ತು ಲಕ್ಷ ರೂಪಾಯಿ. ಒಳ್ಳೆಯ ವ್ಯವಸ್ಥೆಯೇ. ಆದರೆ ಇದೆಲ್ಲ ಅನ್ವಯಿಸುವುದು ‘ಕೆಲಸಕ್ಕೆ’ ಹೋಗುವವರಿಗೆ. ‘ನೋಡಲು’ ಹೋಗುವವನಿಗೆ ಕರಾರೂ ಇಲ್ಲ, ವಿಮೆಯೂ ಇಲ್ಲ. ಎಸ್ಸೆಸ್ಸೆಲ್ಸಿ ಪಾಸಾದವನಿಗಂತೂ ಯಾವ ತಪಾಸಣೆಯೂ ಇಲ್ಲ. ಎಸ್ಸೆಸ್ಸೆಲ್ಸಿಯಲ್ಲಿ 35 ಅಂಕ ಗಳಿಸಿದವನು ಜಗತ್ತಿನ ಎಲ್ಲ ಮೋಸಗಳನ್ನೂ ಅರಿತವನೆಂದು ನಮ್ಮ ಕಾನೂನು ನಂಬಿದೆ! ಇಂದು ವಿಸಿಟ್‌ನಲ್ಲಿ ಹೋಗುವ ಬಹುಪಾಲು ಹುಡುಗರು ಹತ್ತು ದಾಟಿದವರೇ, ಪಿಯುಸಿ, ಐಟಿಐ, ಪದವಿ ಮುಗಿಸಿದವರೇ. ರಕ್ಷಣೆಯ ಬೇಲಿ ಇರುವುದು ಒಂದು ಕಡೆ, ಜನ ದಾಟುತ್ತಿರುವುದು ಇನ್ನೊಂದು ಕಡೆ.

ಈ ಅಂತರವನ್ನು ಮುಚ್ಚುವ ಯತ್ನ ಒಮ್ಮೆ ನಡೆದಿತ್ತು. 2019ರ ಜನವರಿ 1ರಿಂದ, ಇಸಿಆರ್ ಅಲ್ಲದ ಪಾಸ್‌ಪೋರ್ಟಿನವರೂ ಆ 18 ದೇಶಗಳಿಗೆ ಉದ್ಯೋಗಕ್ಕೆ ಹೋಗುವ ಮೊದಲು ಕಡ್ಡಾಯವಾಗಿ ನೋಂದಾಯಿಸಿಕೊಳ್ಳಬೇಕೆಂದು ವಿದೇಶಾಂಗ ಸಚಿವಾಲಯ 2018ರ ನವೆಂಬರಿನಲ್ಲಿ ಸೂಚಿಸಿತು. ನೋಂದಾಯಿಸದವರನ್ನು ವಿಮಾನದಿಂದ ಇಳಿಸಲಾಗುವುದು ಎಂಬ ಎಚ್ಚರಿಕೆಯೂ ಇತ್ತು. ವಿರೋಧ ಭುಗಿಲೆದ್ದಿತು, ಆದೇಶ ಅದೇ ತಿಂಗಳು ತಡೆಹಿಡಿಯಲ್ಪಟ್ಟಿತು. ವಿರೋಧಿಸಿದವರದು ತಪ್ಪೆನ್ನಲಾರೆ. ಹತ್ತು ವರ್ಷದಿಂದ ಅಲ್ಲಿರುವ ಎಂಜಿನಿಯರು ರಜೆಗೆ ಬಂದು ಮರಳುವಾಗ ವಿಮಾನದಿಂದ ಇಳಿಸಿಕೊಳ್ಳಬೇಕೆ? ಆದರೆ ಬಾಗಿಲಲ್ಲಿ ನಿಂತು ತಡೆಯುವ ನೋಂದಣಿ ಬೇಡವೆಂದವರು, ಕೈಹಿಡಿಯುವ ನೋಂದಣಿ ಬೇಕೆಂದು ಕೇಳಲಿಲ್ಲ. ಹಾಗೆ ಕೇಳದೇ ಹೋದದ್ದರಿಂದ ವಿಸಿಟ್ ಹುಡುಗ ಮತ್ತೆ ಯಾರ ಲೆಕ್ಕಕ್ಕೂ ಸಿಗದವನಾದ.

ಲೆಕ್ಕದಲ್ಲಿರುವುದು ಏಕೆ ಮುಖ್ಯವೆಂಬುದನ್ನು 2023ರ ಏಪ್ರಿಲ್ ನಮಗೆ ತೋರಿಸಿಕೊಟ್ಟಿತು. ಸುಡಾನಿನಲ್ಲಿ ಸೇನಾಬಣಗಳ ಕಾಳಗ ಹೊತ್ತಿಕೊಂಡಾಗ, ಗಿಡಮೂಲಿಕೆಯ ಔಷಧಿ ಮಾರಲು ಅಲ್ಲಿಗೆ ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಸಮುದಾಯದ ಜನ ಗುಂಡಿನ ಸದ್ದಿನ ನಡುವೆ ಬಾಡಿಗೆ ಕೋಣೆಗಳಲ್ಲಿ ಸಿಕ್ಕಿಕೊಂಡರು. ಅವರ ವಿಡಿಯೊಗಳು ಮೊಬೈಲುಗಳಲ್ಲಿ ಹರಿದಾಡಿದ ಮೇಲೆ, ಶಿವಮೊಗ್ಗ, ದಾವಣಗೆರೆ, ಮೈಸೂರು ಕಡೆಯ ಜನ ಅಷ್ಟು ದೂರ ದುಡಿಯಲು ಹೋಗುತ್ತಾರೆಂಬುದೇ ನಾಡಿನ ಬಹುತೇಕರಿಗೆ ಹೊಸ ಸುದ್ದಿಯಾಯಿತು. ‘ಆಪರೇಷನ್ ಕಾವೇರಿ’ಯಲ್ಲಿ ಕೇಂದ್ರ ಸರ್ಕಾರ ಮೂರು ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಕರೆತಂದಿತು, ಶ್ಲಾಘನೀಯವೇ. ಆದರೂ ಯಾರು ಎಲ್ಲಿದ್ದಾರೆಂದು ಮೊದಲೇ ತಿಳಿದಿರುವುದಕ್ಕೂ, ಆಪತ್ತು ಬಂದ ಮೇಲೆ ಹುಡುಕುವುದಕ್ಕೂ ಇರುವ ವ್ಯತ್ಯಾಸವನ್ನು ಆ ಕೋಣೆಗಳಲ್ಲಿ ನೀರಿಲ್ಲದೆ ದಿನ ಕಳೆದವರು ಬಲ್ಲರು.

ಈ ಒಂದು ಕಡೆಯ ಟಿಕೆಟ್ಟು ಇನ್ನೂ ಕರಾಳವಾದ ಕಡೆಗೂ ತಿರುಗಿದೆ. ಥಾಯ್ಲೆಂಡಿನಲ್ಲಿ ‘ಡೇಟಾ ಎಂಟ್ರಿ’ ಕೆಲಸ, ಇಂಗ್ಲಿಷ್ ಬಂದರೆ ಸಾಕು, ಟಿಕೆಟ್ಟು ನಾವೇ ಕೊಡುತ್ತೇವೆ ಎಂಬ ಜಾಹೀರಾತು ನಂಬಿ ಹೋದ ವಿದ್ಯಾವಂತ ಯುವಕರನ್ನು ಗಡಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡಿಯ ಸೈಬರ್ ವಂಚನೆಯ ಕೋಟೆಗಳಿಗೆ ತಳ್ಳಲಾಯಿತು. 2022ರಿಂದಲೇ ವಿದೇಶಾಂಗ ಸಚಿವಾಲಯ ಇದರ ಬಗ್ಗೆ ಎಚ್ಚರಿಸಿದೆ. 2025ರ ಮಾರ್ಚಿನಲ್ಲಿ ವಾಯುಪಡೆಯ ವಿಮಾನಗಳಲ್ಲಿ 500ಕ್ಕೂ ಹೆಚ್ಚು ಭಾರತೀಯರನ್ನು ಅಲ್ಲಿಂದ ಕರೆತರಬೇಕಾಯಿತು. 2024ರ ಆರಂಭದಲ್ಲಿ ರಷ್ಯಾದಿಂದ ಬಂದ ಸುದ್ದಿಯೂ ಇದೇ ಜಾತಿಯದು: ಸಹಾಯಕರ ಕೆಲಸವೆಂದು ಕರೆದೊಯ್ದು ಯುದ್ಧಭೂಮಿಯ ಅಂಚಿಗೆ ತಳ್ಳಲಾದವರಲ್ಲಿ ಕಲಬುರಗಿ ಜಿಲ್ಲೆಯ ಯುವಕರೂ ಇದ್ದರು. ವಿಸಿಟ್ ವೀಸಾ ಎಂಬುದು ಇನ್ನು ಕರಾವಳಿಯ ಸಮಸ್ಯೆ ಮಾತ್ರವಲ್ಲ. ಬರಪೀಡಿತ ಕಲ್ಯಾಣ ಕರ್ನಾಟಕದ ಹಳ್ಳಿಗಳಿಗೂ ಅದು ಯುಟ್ಯೂಬ್ ಮೂಲಕ ತಲಪಿದೆ. ಟಿಕೆಟ್ಟನ್ನು ಇನ್ನೊಬ್ಬ ಕೊಡಿಸಿದ್ದಾನೆ ಎಂದರೆ ಅದು ಉಪಕಾರವೇನಲ್ಲ. ಅಂಥ ಟಿಕೆಟ್ಟಿನ ಬೆಲೆಯನ್ನು ಮುಂದೆ ಮೈಯಿಂದಲೇ ತೀರಿಸಬೇಕಾಗುತ್ತದೆ.

ಹಾಗಾದರೆ ಹೋಗಲೇಬೇಡಿ ಎನ್ನೋಣವೇ? ಅದು ಸುಲಭದ ಮಾತು, ಪ್ರಾಮಾಣಿಕ ಮಾತಲ್ಲ. ಈ ಪುಟವನ್ನು ಓದುವ ನಮ್ಮಂಥ ಮನೆಗಳ ಮಕ್ಕಳು ಕೆಲಸವಿಲ್ಲದೆಯೇ ವಿದೇಶಕ್ಕೆ ಹೋಗುವುದನ್ನು ನಾವು ಸಂಭ್ರಮಿಸುತ್ತೇವೆ. ಓದುವ ವೀಸಾದಲ್ಲಿ ಅಮೆರಿಕೆಗೆ ಹೋದವನೂ ಒಂದು ಅರ್ಥದಲ್ಲಿ ಮೊದಲು ಹೋಗಿ ಆಮೇಲೆ ಕೆಲಸ ಹುಡುಕುವವನೇ. ಜರ್ಮನಿ 2024ರ ಜೂನ್ 1ರಿಂದ ‘ಅವಕಾಶ ಕಾರ್ಡ್’ ಎಂಬುದನ್ನೇ ಜಾರಿಗೆ ತಂದಿದೆ. ಅಂಕಗಳ ಲೆಕ್ಕದಲ್ಲಿ ಅರ್ಹರಾದವರು, ಖರ್ಚಿಗೆ ಹಣವಿದೆಯೆಂದು ತೋರಿಸಿದವರು, ಒಂದು ವರ್ಷದವರೆಗೆ ಅಲ್ಲಿದ್ದು ಕೆಲಸ ಹುಡುಕಬಹುದು. ಯುಎಇ ಸಹ 2022ರ ಅಕ್ಟೋಬರಿನಿಂದ ಕೆಲಸ ಹುಡುಕುವವರಿಗಾಗಿ 60, 90 ಮತ್ತು 120 ದಿನಗಳ ವೀಸಾ ತಂದಿತು. ಪ್ರಾಯೋಜಕರ ಹಂಗಿಲ್ಲ. ಆದರೆ ಅದು ಉನ್ನತ ಕೌಶಲದ ವೃತ್ತಿಪರರಿಗೆ, ಜಗತ್ತಿನ ಅಗ್ರ 500 ವಿಶ್ವವಿದ್ಯಾಲಯಗಳಿಂದ ಹೊಸದಾಗಿ ಹೊರಬಂದ ಪದವೀಧರರಿಗೆ. ಅಂದರೆ ಕಲಿತವನು, ಉಳ್ಳವನು ಹುಡುಕಲು ಹೋದರೆ ಅದಕ್ಕೆ ಕಾನೂನಿನ ಗೌರವವಿದೆ, ಸಾಕಷ್ಟು ಕಾಲಾವಕಾಶವಿದೆ. ವೆಲ್ಡರು, ಬಡಗಿ, ಚಾಲಕ, ಅಡುಗೆಯವ ಅದೇ ಕೆಲಸ ಮಾಡಿದರೆ ಪ್ರವಾಸಿಯ ವೇಷ ಹಾಕಬೇಕು. ಸುಳ್ಳು ಹೇಳದೆ ಹೋಗುವ ದಾರಿಯನ್ನೇ ಇಟ್ಟಿಲ್ಲದಿರುವಾಗ, ಸುಳ್ಳು ಹೇಳಿದನೆಂದು ಅವನೊಬ್ಬನನ್ನೇ ದೂರುವುದು ಯಾವ ನ್ಯಾಯ?

ಹಾಗಾಗಿ ನನಗೆ ತೋಚುವ ಕೆಲವು ಮಾತುಗಳನ್ನು ಇಲ್ಲಿ ಮುಂದಿಡುತ್ತೇನೆ. ಮೊದಲನೆಯದು, ಸ್ವಯಂಪ್ರೇರಿತ ನೋಂದಣಿ. ವಿಸಿಟ್ ವೀಸಾದಲ್ಲಿ ಕೆಲಸ ಹುಡುಕಲು ಹೋಗುತ್ತಿದ್ದೇನೆಂದು ಯಾವ ಅಂಜಿಕೆಯೂ ಇಲ್ಲದೆ ಹೇಳಿಕೊಳ್ಳುವ ಅವಕಾಶ ಅವನಿಗಿರಬೇಕು. ಹೇಳಿದ್ದಕ್ಕೆ ವಿಮಾನದಿಂದ ಇಳಿಸಬಾರದು. ಬದಲಿಗೆ ಅದೇ ಹತ್ತು ಲಕ್ಷದ ವಿಮೆಯನ್ನೂ, ಕೆಲಸ ಸಿಗದಿದ್ದರೆ ಮರಳುವ ಟಿಕೆಟ್ಟಿನ ವೆಚ್ಚವನ್ನೂ ಅದೇ ಮಾದರಿಯ ಅಲ್ಪ ಕಂತಿಗೆ ಕೊಡಬೇಕು. ಆಪತ್ತಿನಲ್ಲಿರುವವರ ಟಿಕೆಟ್ಟಿಗಾಗಿ ರಾಯಭಾರ ಕಚೇರಿಗಳಲ್ಲಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಅವನು ಬೀದಿಗೆ ಬಿದ್ದ ಮೇಲೆ ಕೊಡುವ ಹಣವನ್ನು, ಬೀಳುವ ಮುನ್ನವೇ ವಿಮೆಯ ರೂಪದಲ್ಲಿ ಕೊಟ್ಟರೆ ಸರ್ಕಾರಕ್ಕೂ ಮಿತವ್ಯಯ, ಅವನಿಗೂ ಮರ್ಯಾದೆ.

ಎರಡನೆಯದು, ಕಾನೂನು. 1983ರ ಕಾಯ್ದೆಯ ಬದಲಿಗೆ ಹೊಸ ಮಸೂದೆಯ ಕರಡುಗಳು 2021ರಲ್ಲಿ ಒಮ್ಮೆ, 2025ರಲ್ಲಿ ಮತ್ತೊಮ್ಮೆ ಸಾರ್ವಜನಿಕ ಅಭಿಪ್ರಾಯಕ್ಕೆ ಬಂದವು. ಅವುಗಳ ಚರ್ಚೆಯಲ್ಲಿ ಕನ್ನಡದ ದನಿ ಕೇಳಿದ್ದು ಕಡಿಮೆ. ನೋಂದಾಯಿತ ನೇಮಕ ಏಜೆಂಟನು ಅಭ್ಯರ್ಥಿಯಿಂದ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ವಸೂಲಿ ಮಾಡುವಂತಿಲ್ಲವೆಂಬ ನಿಯಮ ಈಗಲೂ ಇದೆ. ಅದು ಎಷ್ಟು ಮನೆಗಳಿಗೆ ಗೊತ್ತು? ಪ್ರವಾಸದ ಟಿಕೆಟ್ಟಿನ ಹೆಸರಿನಲ್ಲಿ ಉದ್ಯೋಗ ಮಾರುವವನನ್ನು ನೇಮಕ ಏಜೆಂಟನೆಂದೇ ಪರಿಗಣಿಸಬೇಕು. ಊರೂರಿನ ಉಪ ಏಜೆಂಟರೂ ಕಾನೂನಿನ ಬಲೆಯೊಳಗೆ ಬರಬೇಕು.

ಮೂರನೆಯದು, ರಾಜ್ಯ ಸರ್ಕಾರದ ಪಾತ್ರ. ಕೇರಳ 1996ರಷ್ಟು ಹಿಂದೆಯೇ ಅನಿವಾಸಿ ಕೇರಳೀಯರಿಗಾಗಿ ‘ನೋರ್ಕಾ’ ಎಂಬ ಪ್ರತ್ಯೇಕ ಇಲಾಖೆಯನ್ನು ತೆರೆಯಿತು. ನಮ್ಮಲ್ಲಿಯೂ ಅನಿವಾಸಿ ಭಾರತೀಯ ಸಮಿತಿ ಇದೆ, ಕೌಶಲ ಅಭಿವೃದ್ಧಿ ನಿಗಮದಡಿ ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ. ಆದರೆ ಅವು ಬೈಂದೂರಿನ, ಭಟ್ಕಳದ, ಆಳಂದದ ಹುಡುಗನ ಕಣ್ಣಿಗೆ ಬೀಳಬೇಕು. ಪ್ರತಿ ಐಟಿಐಯ ಕೊನೆಯ ವರ್ಷದಲ್ಲಿ ಒಂದು ದಿನ ವೀಸಾದ ಪಾಠವಿರಲಿ: ಯಾವ ವೀಸಾದಲ್ಲಿ ಏನು ಮಾಡಬಹುದು, ಉದ್ಯೋಗದ ಕರಾರನ್ನು ಆ ದೇಶದ ಕಾರ್ಮಿಕ ಸಚಿವಾಲಯದಲ್ಲಿ ಪರಿಶೀಲಿಸುವುದು ಹೇಗೆ, ದೂರು ಎಲ್ಲಿ ಕೊಡಬೇಕು. ವೆಲ್ಡಿಂಗ್ ಕಲಿಸುವ ನಾವು ವೆಲ್ಡರನ ಹಕ್ಕನ್ನೂ ಕಲಿಸಬೇಡವೇ?

ನಾಲ್ಕನೆಯದು, ರಾಜತಾಂತ್ರಿಕತೆ. ಪದವೀಧರನಿಗೆ ಸಿಗುವ ಕೆಲಸ ಹುಡುಕುವ ವೀಸಾ, ಪ್ರಮಾಣಪತ್ರವಿರುವ ಕುಶಲಕರ್ಮಿಗೂ ಸಿಗಲಿ ಎಂದು ಕೊಲ್ಲಿ ರಾಷ್ಟ್ರಗಳೊಂದಿಗೆ ನಡೆಸುವ ಮಾತುಕತೆಗಳಲ್ಲಿ ನಾವು ಕೇಳಬೇಕು. ವ್ಯಾಪಾರ ಒಪ್ಪಂದಗಳಲ್ಲಿ ಚಿನ್ನದ ಸುಂಕಕ್ಕೆ, ಖರ್ಜೂರದ ಸುಂಕಕ್ಕೆ ಜಾಗ ಸಿಗುವುದಾದರೆ ಮನುಷ್ಯನ ದುಡಿಮೆಗೂ ಸಿಗಬೇಕು.

ಇವೆಲ್ಲ ಆಗುವವರೆಗೆ ಮನೆಯವರು ಮಾಡಬಹುದಾದದ್ದೂ ಇದೆ. ಮಗ ಹೋಗಲೇಬೇಕೆಂದರೆ ಹೋಗಲಿ. ಆದರೆ ಮರಳುವ ಟಿಕೆಟ್ಟಿನ ಹಣವನ್ನು ಅವನ ಜೇಬಿನಲ್ಲಲ್ಲ, ತಾಯಿಯ ಖಾತೆಯಲ್ಲಿ ಇಡಿ. ಅದನ್ನು ಬೇರೆ ಯಾವುದಕ್ಕೂ ಮುಟ್ಟಬೇಡಿ. ವೀಸಾ ಮುಗಿಯುವ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅದಕ್ಕಿಂತ ಹತ್ತು ದಿನ ಮೊದಲು ಹೊರಡುವ ತೀರ್ಮಾನವನ್ನು ಈಗಲೇ ಮಾಡಿ. ಪಾಸ್‌ಪೋರ್ಟನ್ನು ಯಾರ ಕೈಗೂ ಕೊಡಬೇಡವೆಂದು ಹೇಳಿ. ಪರವಾನಗಿ ಇಲ್ಲದ ‘ಟ್ರಯಲ್’ ಬೇಡವೆಂದು ಹೇಳಿ. ಎಲ್ಲಕ್ಕಿಂತ ಮುಖ್ಯವಾಗಿ, ಬರಿಗೈಯಲ್ಲಿ ಬಂದರೂ ಬಾಗಿಲು ತೆರೆದಿದೆ ಎಂದು ಬಾಯಿಬಿಟ್ಟು ಹೇಳಿ. ಅವಧಿ ಮುಗಿದ ಮೇಲೂ ಅಲ್ಲೇ ಅಡಗಿಕೊಂಡು ಉಳಿದವರಲ್ಲಿ ಅನೇಕರನ್ನು ಕಟ್ಟಿಹಾಕಿದ್ದು ಹಣದ ಕೊರತೆಯಷ್ಟೇ ಅಲ್ಲ. ‘ಇಷ್ಟು ಬೇಗ ಬಂದೆಯಾ?’ ಎಂದು ಬೀದಿಯಲ್ಲಿ ಕೇಳುವ ನಮ್ಮ ಪ್ರಶ್ನೆಯೂ ಅವರನ್ನು ಕಟ್ಟಿಹಾಕಿದೆ.

ಹುಡುಕಿಕೊಂಡು ಹೋಗುವುದು ಮನುಷ್ಯನ ಹಕ್ಕು, ಬಡವನಿಗೆ ಅದು ಹಲವು ಬಾರಿ ಇರುವ ಏಕೈಕ ದಾರಿ. ಆ ಹಕ್ಕು ಚಲಾಯಿಸಿ ಸೋತವನು ಜೈಲಿಗೋ, ಸಾಲಕ್ಕೋ, ಮ್ಯಾವಡಿಯ ಕೋಟೆಗೋ ಬೀಳದೆ ಮನೆಗೆ ಬರುವಂತಿರಬೇಕು. ಗೆದ್ದವನು ಕಳುಹಿಸುವ ಡ್ರಾಫ್ಟನ್ನು ಆದಾಯವೆಂದು ಎಣಿಸುವ ನಾಡು, ಸೋತವನು ಮರಳಿ ಬರುವ ಖರ್ಚನ್ನೂ ತನ್ನ ಲೆಕ್ಕದಲ್ಲಿ ಬರೆದುಕೊಳ್ಳಬೇಕು.